ಎರಡನೇ ಹಾಳೆ

ಆಂಬ್ರೋಸ್ ಸೆರಫಿನ್‌ನ ಅಕ್ಷರ ದುಂಡಗಿದ್ದದ್ದೇ ಎಲ್ಲ ಅನಾಹುತಕ್ಕೂ ಮೂಲ. ಅದೊಂದು ಇಲ್ಲದಿದ್ದರೆ ಆ ಬುಧವಾರ ಅವನು ಮೂವರು ಪ್ರವಾಸಿಗಳನ್ನು ಸೈಕಲ್ ಮೇಲೆ ಬೆಟ್ಟ ಹತ್ತಿಸಿ, ಇಳಿಸಿ, ಊಟ ಮಾಡಿಸಿ, ಸಂಜೆಯೊಳಗೆ ಮದುವೆ ಗೊತ್ತಾದ ಗಂಡಾಗಿ ಮನೆಗೆ ಮರಳುತ್ತಿದ್ದ.

ಸೋಮವಾರ ಕ್ಯಾಲಿಬಿಶಿ ಊರಿನಲ್ಲಿ ಅವನ ಚಿಕ್ಕಜ್ಜಿ ಮಾ ಫಿಲೋ ತೊಂಬತ್ತೊಂದನೇ ವಯಸ್ಸಿನಲ್ಲಿ, ಕೋಕೋ ಕುಡಿದ ಬಟ್ಟಲನ್ನು ಕೆಳಗಿಟ್ಟು, "ಸಕ್ಕರೆ ಕಮ್ಮಿ" ಎಂದು ದೂರಿ, ಕಣ್ಣು ಮುಚ್ಚಿದ್ದಳು. ನಮ್ಮ ಡೊಮಿನಿಕಾ ದ್ವೀಪದಲ್ಲಿ ಮನುಷ್ಯ ಸತ್ತರೆ ಅರ್ಧ ಸತ್ತ ಹಾಗೆ. ರೇಡಿಯೊದಲ್ಲಿ ಬಂದ ಮೇಲೆಯೇ ಪೂರ್ತಿ. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರಕ್ಕೆ ಮರಣವಾರ್ತೆ ಓದುತ್ತಾರೆ. ಸತ್ತವರ ಹೆಸರು ಓದಲು ಅರ್ಧ ನಿಮಿಷ ಸಾಕು. ಹಿಂದೆ ಉಳಿದ ಬಂಧುಗಳ ಹೆಸರು ಓದಲು ಹತ್ತು ನಿಮಿಷವೂ ಸಾಲದು. ಊರಿಗೆ ಊರೇ ಕೆಲಸ ಬಿಟ್ಟು ಕಿವಿಗೊಟ್ಟು ಕೂರುವುದು ಸತ್ತವರ ಸಲುವಾಗಿ ಅಂತೂ ಅಲ್ಲ. ತಮ್ಮ ಹೆಸರು ಬಂತೋ ಇಲ್ಲವೋ ಎಂದು. ಬಂದರೆ ಕಣ್ಣೀರು, ಬರದಿದ್ದರೆ ಜಗಳ. ಬೋರ್ನ್ ಊರಿನ ಅಣ್ಣತಮ್ಮಂದಿರಿಬ್ಬರು ಹೀಗೆ ಬಿಟ್ಟುಹೋದ ಒಂದು ಹೆಸರಿಗಾಗಿ ಹದಿನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದಾರೆ. ಇಬ್ಬರ ಮನೆಗೂ ನಡುವೆ ಇರುವುದು ಒಂದೇ ಬೇಲಿ.

"ಆಂಬ್ರೋಸನ ಅಕ್ಷರ ದುಂಡಗಿದೆ, ಅವನೇ ಬರೀಲಿ" ಎಂದು ಮನೆಯವರೆಲ್ಲ ಸೇರಿ ಪಟ್ಟಿಯ ಕೆಲಸವನ್ನು ಅವನ ತಲೆಗೆ ಕಟ್ಟಿದರು. ಮಂಗಳವಾರ ಸಂಜೆ ಅವನು ಊಟದ ಮೇಜಿನ ಮೇಲೆ ನೋಟ್‌ಬುಕ್ಕಿನ ಹಾಳೆ ಹರಿದು ಬರೆಯಲು ಕೂತ. ಹೊರದೇಶದಲ್ಲಿದ್ದವರಿಗೆ ಮೊದಲ ಮರ್ಯಾದೆ, ಅದು ರೂಢಿ. ಮೊದಲ ಹಾಳೆ ಲಂಡನ್, ನ್ಯೂಯಾರ್ಕ್, ಗ್ವಾಡಲೂಪಿನವರಿಂದಲೇ ತುಂಬಿಹೋಯಿತು. ಕೊನೆಗೆ ಒಂದು ಸಾಲು ಉಳಿಯಿತು. ಬರೆಯುವ ಕೈ ನನ್ನದೇ ತಾನೆ ಎಂದು ಅಲ್ಲಿ ತನ್ನ ಹೆಸರನ್ನೇ ಸೇರಿಸಿಕೊಂಡ. ಊರಿನಲ್ಲಿದ್ದ ನೆಂಟರು, ನೆರೆಹೊರೆಯವರು ಎಲ್ಲ ಎರಡನೇ ಹಾಳೆಯಲ್ಲಿ. ಅದರಲ್ಲಿ ಎಲ್ಲರಿಗಿಂತ ಮೇಲೆ, ಅಂಡರ್‌ಲೈನ್ ಸಮೇತ: ಮಾ ಇಸ್ಮೇ, ಪ್ರಾರ್ಥನೆಯ ಗೆಳತಿ.

ಅಂಡರ್‌ಲೈನಿಗೆ ಕಾರಣವಿತ್ತು. ಮಾ ಇಸ್ಮೇ ಎರಡು ವರ್ಷ ಮಾ ಫಿಲೋಗೆ ಸ್ನಾನ ಮಾಡಿಸಿ, ಬೈಬಲ್ ಓದಿ ಹೇಳಿದ ನೆರೆಮನೆಯವಳು. ಆಕೆಯ ಮಗಳು ಜೋಸೆಟ್ ಊರಿನ ಆಸ್ಪತ್ರೆಯಲ್ಲಿ ನರ್ಸು. ಆಂಬ್ರೋಸ್ ಮೂರು ವರ್ಷದಿಂದ ಜೋಸೆಟ್‌ಳ ಹಿಂದೆ ಸುತ್ತುತ್ತಿದ್ದ. ತಾಯಿ ಮಾತ್ರ ಹೂಂ ಎಂದಿರಲಿಲ್ಲ. "ಬಸ್ಸು ಇರೋ ರಸ್ತೇಲಿ ಸೈಕಲ್ ತುಳಿಯೋದೇ ಕಸುಬು ಮಾಡ್ಕೊಂಡೋನಿಗೆ ಹೆಣ್ಣು ಕೊಡೋದು ಹೇಗೆ?" ಎಂಬುದು ಆಕೆಯ ಪ್ರಶ್ನೆ. ಕೊನೆಗೆ ಸೋಮವಾರ, ಹೆಣದ ಪಕ್ಕ ಕೂತೇ, ಹೇಳಿದ್ದಳು: "ಬುಧವಾರ ನಿನ್ನ ಬಿಳಿಯರನ್ನ ಕರ್ಕೊಂಡು ಊಟಕ್ಕೆ ಬರ್ತೀಯಲ್ಲ, ಅವತ್ತು ಹೇಳ್ತೀನಿ. ಪಟ್ಟೀಲಿ ನನ್ನ ಹೆಸರು ಎಲ್ಲಿ ಬರತ್ತೆ, ಮೊದಲು ಅದನ್ನ ನೋಡೋಣ."

ಅದೇ ಮೇಜಿನ ಮೇಲೆ, ಅದೇ ನೋಟ್‌ಬುಕ್ಕಿನ ಇನ್ನೊಂದು ಹಾಳೆಯಲ್ಲಿ ಅವನು ಮಾರನೇ ದಿನದ ಸೈಕಲ್ ಪ್ರವಾಸದ ವಿವರವನ್ನೂ ಬರೆದಿಟ್ಟ. ಅವನು ಗೈಡಾಗಿದ್ದ ಸೈಕಲ್ ಕಂಪನಿಯ ಒಡತಿಯ ಪ್ರಿಂಟರ್ ಕೆಟ್ಟಿತ್ತು. ಆಮೇಲೆ ಎರಡು ಹಾಳೆ ಮಡಚಿ ಕವರಿಗೆ ಹಾಕಿ, ರಾಜಧಾನಿ ರೋಸೋಗೆ ಹೋಗುವ ಕೊನೆಯ ಮಿನಿಬಸ್ಸಿನವನ ಕೈಗೆ ಕೊಟ್ಟ. ಬಸ್ಸಿನವನು ಅವನ ಸೋದರಮಾವನೇ. ಹೆಸರು ಕ್ಲೀಟಸ್, ಆದರೆ ಎಲ್ಲರೂ ಕರೆಯುವುದು ಹ್ಯಾಂಡ್‌ಬ್ರೇಕ್ ಎಂದು. ಅವನ ಬಸ್ಸಿನಲ್ಲಿ ಅದು ಇಲ್ಲ, ಅದಕ್ಕೆ.

ಬುಧವಾರ ಬೆಳಿಗ್ಗೆ ಏಳಕ್ಕೆ ತನ್ನೂರು ಪೋರ್ಟ್ಸ್‌ಮತ್‌ನ ಸೈಕಲ್ ಶೆಡ್ಡಿನ ಮುಂದೆ ಆಂಬ್ರೋಸ್ ಗಾಳಿ ಹೊಡೆಯುತ್ತಿದ್ದ. ಹಾಲೆಂಡಿನ ಯೋಸ್ಟ್ ಮತ್ತು ಅವನ ಹೆಂಡತಿ ಮರೈಕೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದರು. ಯೋಸ್ಟ್‌ಗೆ ಅರವತ್ತೆಂಟು, ಮೂರೇ ದಿನದ ಬಿಸಿಲಿಗೆ ಬೆಂದ ಏಡಿಯಂತೆ ಕೆಂಪಾಗಿದ್ದ. ಇಂಗ್ಲೆಂಡಿನ ನಿವೃತ್ತ ಹೆಡ್‌ಮಿಸ್ಟ್ರೆಸ್ ಮಿಸ್ ಓಕ್ಸ್ ಕೈಯಲ್ಲಿ ಪೆನ್ಸಿಲ್ ಹಿಡಿದು, ಆಂಬ್ರೋಸ್ ಆಗಷ್ಟೇ ಕೊಟ್ಟ ದಿನದ ಹಾಳೆಯನ್ನು ಗಂಭೀರವಾಗಿ ಓದುತ್ತಿದ್ದಳು. ಪಕ್ಕದ ಮನೆಯ ಕಿಟಕಿಯಲ್ಲಿ ರೇಡಿಯೊ ಶುರುವಾಯಿತು.

ಮೂವತ್ತು ವರ್ಷದಿಂದ ಸತ್ತವರನ್ನು ಓದುತ್ತಿರುವ ಮಿಸ್ಟರ್ ಲುಸಿಯನ್‌ನ ಕಂಠ ಅದು. ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದುವುದು ಆತನ ವ್ರತ. ಮಾ ಫಿಲೋಳ ಹೆಸರು ಬಂತು. ಲಂಡನ್ ಬಂತು, ನ್ಯೂಯಾರ್ಕ್ ಬಂತು. "ಪೋರ್ಟ್ಸ್‌ಮತ್‌ನ ಆಂಬ್ರೋಸ್" ಎಂದೂ ಬಂತು. ಆಂಬ್ರೋಸ್ ಹೆಮ್ಮೆಯಿಂದ ಇನ್ನೂ ಜೋರಾಗಿ ಗಾಳಿ ಹೊಡೆದ.

"ಇವರಲ್ಲದೆ," ಎಂದಿತು ರೇಡಿಯೊ, "ಹಾಲೆಂಡಿನ ಯೋಸ್ಟ್ ಮತ್ತು ಮರೈಕೆ. ಹಂದಿಮಾಂಸ ತಿನ್ನುವುದಿಲ್ಲ. ಇಂಗ್ಲೆಂಡಿನ ಕುಮಾರಿ ವಿನಿಫ್ರೆಡ್ ಓಕ್ಸ್. ಎಡ ಮಂಡಿ ನೋವು."

ಆಂಬ್ರೋಸನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಕೈ ಮಾತ್ರ ತನ್ನ ಪಾಡಿಗೆ ತಾನು ಪಂಪು ಒತ್ತುತ್ತಲೇ ಇತ್ತು. ಢಂ! ಎಂದು ಟ್ಯೂಬು ಸಿಡಿಯಿತು. ನಾಯಿಗಳು ಬೊಗಳಿದವು, ಮರೈಕೆ ಕಿರುಚಿದಳು, ಕೋಳಿಗಳು ಮಾಡು ಹತ್ತಿದವು. ಆ ಗಲಾಟೆಯಲ್ಲಿ ರೇಡಿಯೊ ಮುಂದೆ ಏನು ಹೇಳಿತೋ ಯಾರಿಗೂ ಕೇಳಲಿಲ್ಲ.

"ರೇಡಿಯೊದಲ್ಲಿ ನನ್ನ ಮಂಡಿಯ ವಿಷಯ ಹೇಳಿದರೇ?" ಎಂದು ಮಿಸ್ ಓಕ್ಸ್ ಕೇಳಿದಳು.

"ಅದು... ನಮ್ಮಲ್ಲಿ ಅತಿಥಿಗಳನ್ನ ಹೀಗೇ ಸ್ವಾಗತ ಮಾಡೋದು, ಮೇಡಂ."

"ಎಂಥ ಮರ್ಯಾದಸ್ಥ ಜನ!" ಎಂದು ಆಕೆ ತಲೆದೂಗಿದಳು.

ಆಂಬ್ರೋಸ್‌ಗೆ ಆಗ ಹೊಳೆಯಿತು. ಕವರಿಗೆ ಹಾಕಿದ್ದು ಸೈಕಲ್ಲಿನ ಹಾಳೆ! ಹಾಗಾದರೆ ಎರಡನೇ ಹಾಳೆ ಮನೆಯಲ್ಲೇ ಎಲ್ಲೋ ಬಿದ್ದಿದೆ. ಮಾ ಇಸ್ಮೇಯ ಜಾಗದಲ್ಲಿ ಒಂದು ಮಂಡಿ ಕೂತಿದೆ! ಅವನು ರೇಡಿಯೊದವರಿಗೆ ಫೋನ್ ಮಾಡಿದ. ಎಂಗೇಜ್. ಎರಡನೇ ಹಾಳೆಯ ನೆಂಟರೆಲ್ಲ ಆಗಲೇ ಅಲ್ಲಿಗೆ ಫೋನ್ ಹಚ್ಚಿದ್ದರು. ಜೋಸೆಟ್‌ಗೆ ಮಾಡಿದ.

"ಅಮ್ಮ ರೇಡಿಯೊ ಕೇಳಿದಾಗಿಂದ ಒಂದು ಮಾತೂ ಆಡಿಲ್ಲ, ಆಂಬ್ರೋಸ್," ಎಂದಳು ಜೋಸೆಟ್ ಪಿಸುದನಿಯಲ್ಲಿ. "ಅಟ್ಟದಿಂದ ದೊಡ್ಡ ಹಂಡೆ ಇಳಿಸಿದಾಳೆ. ಈಗ ಹಿತ್ತಲಲ್ಲಿ ಕೂತು ಮಚ್ಚು ಮಸೀತಿದಾಳೆ."

"ಮಚ್ಚಾ? ಯಾಕೆ?"

"ಕೇಳಕ್ಕೆ ಹೋಗಿದ್ದೆ. ಒಂದು ನೋಟ ನೋಡಿದ್ಲು, ವಾಪಸ್ ಬಂದ್ಬಿಟ್ಟೆ. ನೀನು..." ಅಷ್ಟರಲ್ಲಿ ಫೋನು ಕಡಿದುಹೋಯಿತು. ನಮ್ಮ ಬೆಟ್ಟಗಳ ಸ್ವಭಾವ ಅದು.

ಹೋಗದೆ ಇರುವಂತಿಲ್ಲ. ಊಟ ಅಲ್ಲಿಗೇ ಹೇಳಿದ್ದು, ದಾರಿ ಒಂದೇ. ಆ ದಾರಿಯ ಉದ್ದಕ್ಕೂ, ಬಾಗಿಲಿಗೊಬ್ಬರಂತೆ, ಎರಡನೇ ಹಾಳೆಯ ನೆಂಟರು.

ಮೊದಲ ಏರಿನ ಅರ್ಧಕ್ಕೆ ಬಂದಿದ್ದರು. ಮಿಸ್ ಓಕ್ಸ್ ಸೈಕಲ್ ತಳ್ಳುತ್ತಾ, ಯೋಸ್ಟ್ ಏದುಸಿರು ಬಿಡುತ್ತಾ ಬರುತ್ತಿದ್ದಾಗ ಎದುರಿನಿಂದ ಹ್ಯಾಂಡ್‌ಬ್ರೇಕ್‌ನ ಬಸ್ಸು ಬಂದು ಅಡ್ಡ ನಿಂತಿತು. ನಿಂತ ಕೂಡಲೇ ಒಬ್ಬ ಪ್ರಯಾಣಿಕ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಹ್ಯಾಂಡ್‌ಬ್ರೇಕ್ ಕೆಳಗೆ ಹಾರಿದ. ಅತಿಥಿಗಳಿಗೆ ಅರ್ಥವಾಗದ ನಮ್ಮ ಪಟ್ವಾ ಮಾತಿನಲ್ಲಿ ಶುರು ಮಾಡಿದ.

"ಲೇ ಆಂಬ್ರೋಸ್! ಆ ಕವರನ್ನ ಎದೆ ಜೇಬಲ್ಲಿಟ್ಕೊಂಡು ರೋಸೋ ತನಕ ಹೊತ್ತೋನು ಯಾರೋ?"

"ನೀವೇ, ಮಾವ."

"ಅದರಲ್ಲಿ ನನ್ನ ಹೆಸರಿತ್ತೇನೋ?"

"ಇತ್ತು ಮಾವ, ಆದರೆ ಇನ್ನೊಂದು ಹಾಳೇಲಿ..."

"ಇನ್ನೊಂದು ಹಾಳೆಯಂತೆ! ನಿನ್ನ ಹೆಸರು ಮಾತ್ರ ಮೊದಲನೇ ಹಾಳೇಲಿ, ಮಾವನ ಹೆಸರು ಇನ್ನೊಂದು ಹಾಳೇಲಿ. ಚಿಕ್ಕಮ್ಮನ ಶವಪೆಟ್ಟಿಗೆ ಹೊರೋದಕ್ಕೆ ಮಾವ ಬೇಕು, ರೇಡಿಯೊಗೆ ಯಾರೋ ಹಂದಿ ತಿನ್ನದೋರು ಬೇಕು!"

ಬಸ್ಸಿನ ಹನ್ನೊಂದು ಪ್ರಯಾಣಿಕರೂ ಕಿಟಕಿಗೆ ಬಂದರು. ಕೆಲಸಕ್ಕೆ ತಡವಾಗುತ್ತದೆ ಎಂದು ಯಾರಿಗೂ ಅನ್ನಿಸಲಿಲ್ಲ. ಒಬ್ಬ ಮುದುಕಿ ಕನ್ನಡಕ ಏರಿಸಿ, ಯೋಸ್ಟ್‌ನನ್ನು ಬಹಳ ಹೊತ್ತು ನೋಡಿದಳು.

"ಏ ಹ್ಯಾಂಡ್‌ಬ್ರೇಕ್, ಸುಮ್ನಿರು ಸ್ವಲ್ಪ. ಆ ಮನುಷ್ಯನ ಕಿವಿ ನೋಡು."

ಎಲ್ಲರೂ ನೋಡಿದರು. ಹೆಲ್ಮೆಟ್ಟಿನ ಪಟ್ಟಿಯಿಂದಾಗಿ ಯೋಸ್ಟ್‌ನ ಕಿವಿ ಎರಡೂ ಹೊರಕ್ಕೆ ಬಾಗಿದ್ದವು.

"ಮಾ ಫಿಲೋಳ ಕಿವಿ!" ಎಂದಳು ಮುದುಕಿ. "ವಯಸ್ಸಲ್ಲಿ ಅವಳು ಕ್ಯುರಸಾವ್ ದ್ವೀಪಕ್ಕೆ ಹೋಗಿರಲಿಲ್ವಾ, ಡಚ್ಚರ ಮನೇಲಿ ಅಡಿಗೆಗೆ ಅಂತ? ಎರಡು ವರ್ಷ ಬಿಟ್ಟು ಬಂದ್ಲು. ಕೈಯಲ್ಲಿ ಒಂದು ಹೊಲಿಗೆ ಮಷೀನು, ಬಾಯಲ್ಲಿ ಒಂದು ಮಾತಿಲ್ಲ. ಆ ಡಚ್ಚರು ಎಲ್ಲಿಯೋರು? ಹಾಲೆಂಡಿನೋರು!"

"ಆದ್ರೆ ಇವನು ಇಷ್ಟು ಬೆಳ್ಳಗಿದಾನಲ್ಲಾ?" ಎಂದನೊಬ್ಬ.

"ಎಲ್ಲಿ ಬೆಳ್ಳಗೆ? ಕೆಂಪಗಿದಾನೆ. ಅಪ್ಪನ ಬಣ್ಣ."

ಹ್ಯಾಂಡ್‌ಬ್ರೇಕ್‌ನ ಮುಖದಲ್ಲಿ ಕೋಪ ಇಳಿದು ಆಶ್ಚರ್ಯ ಏರಿತು. ಕಣ್ಣು ತುಂಬಿ ಬಂತು. ಆಂಬ್ರೋಸ್ "ಮಾವ, ಹಾಗಲ್ಲ, ಅದು..." ಎನ್ನುವುದರೊಳಗೆ ಆತ ಎರಡೂ ಕೈ ಚಾಚಿ ಯೋಸ್ಟ್‌ನನ್ನು ಸೈಕಲ್ ಸಮೇತ ಅಪ್ಪಿಕೊಂಡ. "ಅಣ್ಣಾ! ಚಿಕ್ಕಮ್ಮನ ಮಗನೇ! ಎಷ್ಟು ವರ್ಷ ಆಯ್ತೋ!"

"ಇಲ್ಲಿಯ ಜನ ತುಂಬಾ ಆತ್ಮೀಯರು," ಎಂದ ಯೋಸ್ಟ್, ಉಸಿರು ಸಿಕ್ಕಿದ ಮೇಲೆ.

ಬಸ್ಸು ಹೊರಡುವಾಗ ಆಂಬ್ರೋಸ್‌ಗೆ ಇನ್ನೊಂದು ವಿಚಿತ್ರ ಕಂಡಿತು. ಹುಟ್ಟಿದಾಗಿನಿಂದ ಸೀಟ್ ಬೆಲ್ಟನ್ನೇ ಮುಟ್ಟದ ಹ್ಯಾಂಡ್‌ಬ್ರೇಕ್‌ನ ಪಕ್ಕದ ಸೀಟಿನಲ್ಲಿ ಕಟ್ಟಡ ಕೆಲಸದವರ ಹಳದಿ ಹೆಲ್ಮೆಟ್ ಇತ್ತು. ಜತೆಗೆ ಒಂದು ನೀರಿನ ಬಾಟಲಿ.

"ಇದೇನು ಮಾವ, ಹೆಲ್ಮೆಟ್ಟು?"

"ಎಲ್ಲಾ ಗೊತ್ತಿದ್ದೂ ನನ್ನನ್ನೇ ಕೇಳ್ತೀಯಲ್ಲೋ," ಎಂದು ಆತ ಮೂಗೊರೆಸಿಕೊಂಡ. "ಮುದುಕಿಯ ಕೊನೇ ಆಸೆ. ನಡೆಸಲೇಬೇಕು." ಕಲ್ಲು ತೆಗೆದರು, ಬಸ್ಸು ತಾನಾಗಿಯೇ ಇಳಿದುಹೋಯಿತು.

ಆಂಬ್ರೋಸ್‌ಗೆ ಒಂದೂ ಅರ್ಥವಾಗಲಿಲ್ಲ. ಆದರೆ ಬಸ್ಸಿಗಿಂತ ವೇಗವಾಗಿ ಸುದ್ದಿ ಓಡುತ್ತದೆಂಬುದು ಬೋರ್ನ್ ತಲುಪುವಷ್ಟರಲ್ಲಿ ಅರ್ಥವಾಯಿತು. ಅಲ್ಲಿ ಅಂಗಡಿ ಇಟ್ಟಿರುವ ಅವನ ಅತ್ತೆ ಸಿಸೀಲಿಯಾ ರಸ್ತೆಯ ಮಧ್ಯಕ್ಕೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಯೋಸ್ಟ್‌ಗೂ ಮರೈಕೆಗೂ ಬಿಸಿ ಬಿಸಿ ಕೋಕೋ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬಿಲ್ಲೆ, ಮೇಲೆ ಉಪ್ಪುಮೀನು. ಮಿಸ್ ಓಕ್ಸ್‌ಳ ಮಂಡಿಗೆ ಆಕೆಯೇ ಬಗ್ಗಿ ಬೇ ಮರದ ಎಲೆಯ ಎಣ್ಣೆ ತಿಕ್ಕಿದಳು. ಆಂಬ್ರೋಸ್‌ಗೆ ಒಂದು ಲೋಟ ನೀರೂ ಇಲ್ಲ.

"ಯಾರದೋ ಮಂಡಿಗೆ ಪಟ್ಟೀಲಿ ಜಾಗ ಇತ್ತು, ನಿನ್ನನ್ನ ತೊಡೆ ಮೇಲೆ ಆಡಿಸಿದ ಅತ್ತೆಗೆ ಜಾಗ ಇರಲಿಲ್ಲ ಅಲ್ವೇನೋ?"

"ತಪ್ಪಾಯ್ತು ಅತ್ತೆ. ಸರಿ ಮಾಡಿಸ್ತೀನಿ. ಇವರು ನೆಂಟರಲ್ಲ ಅತ್ತೆ, ಬರೀ ಪ್ರವಾಸಿಗಳು!"

"ಬಾಯ್ಮುಚ್ಚು! ಮಾ ಫಿಲೋಳ ಮನೆ ಮೇಲೆ ಕಣ್ಣಿಟ್ಟು ಅವಳ ಸ್ವಂತ ಮಗನನ್ನೇ ಮುಚ್ಚಿಡ್ತೀಯಾ? ಆ ಕಿವಿ ಸುಳ್ಳು ಹೇಳತ್ತಾ?"

ಹೊರಡುವಾಗ ಆಕೆ ಮರೈಕೆಯ ಸೈಕಲ್ಲಿನ ಬುಟ್ಟಿಗೆ ಒಂದು ಜೀವಂತ ಕೋಳಿಯನ್ನು ಕಟ್ಟಿದಳು. ಮರೈಕೆ ಬೇಡ ಎನ್ನಲಾರದೆ ಕೋಳಿಯನ್ನೂ ಗಂಡನನ್ನೂ ಸರದಿಯ ಮೇಲೆ ನೋಡಿದಳು. ಅತ್ತೆಯ ಅಂಗಡಿಯ ಬಾಗಿಲ ಮೊಳೆಗೆ ಮೋಟಾರ್‌ಸೈಕಲ್ ಹೆಲ್ಮೆಟ್ಟೊಂದು ನೇತಾಡುತ್ತಿತ್ತು. ಅತ್ತೆಗೆ ಮೋಟಾರ್‌ಸೈಕಲ್ ಇಲ್ಲ. ಆಂಬ್ರೋಸ್‌ಗೆ ಕೇಳುವ ಧೈರ್ಯವೂ ಇರಲಿಲ್ಲ.

ಹನ್ನೊಂದು ಗಂಟೆಗೆ ಹ್ಯಾಂಪ್‌ಸ್ಟೆಡ್ ಹೊಳೆ ಸಮುದ್ರ ಸೇರುವಲ್ಲಿ, ತೆಂಗಿನ ಮರದ ನೆರಳಿನಲ್ಲಿ ಎಲ್ಲರೂ ಸೈಕಲ್ ಒರಗಿಸಿದರು. ಆಂಬ್ರೋಸ್ ಮರಳಿನ ಮೇಲೆ ಕುಸಿದು ಕೂತ. ಕಣ್ಣ ಮುಂದೆ ಮಚ್ಚು ಮಸೆಯುವ ಮಾ ಇಸ್ಮೇ ಒಬ್ಬಳೇ. ಮೂರು ವರ್ಷ ಕಾದದ್ದು ಒಂದು ಹಾಳೆಗೆ ಹೋಯಿತಲ್ಲ ಎಂದು ಅವನಿಗೆ ನಿಜವಾಗಿಯೂ ಅಳು ಬಂತು.

"ಆಂಬ್ರೋಸ್, ಒಂದು ಸಣ್ಣ ದೂರು," ಎಂದು ಮಿಸ್ ಓಕ್ಸ್ ಪೆನ್ಸಿಲ್ ಎತ್ತಿದಳು. "ನಾನು ಬೆಳಿಗ್ಗೆಯಿಂದ ಸರಿಯಾಗಿ ಗುರುತು ಹಾಕುತ್ತಾ ಬಂದಿದ್ದೇನೆ. ಆದರೆ ‘ಕ್ಲೀಟಸ್ ಟುಸ್ಸಾಂ’ ಎಂಬುದನ್ನು ನೀವು ತೋರಿಸಲೇ ಇಲ್ಲ. ಅದು ಜಲಪಾತವೇ? ಮತ್ತು ಎಲ್ಲಕ್ಕಿಂತ ಮೇಲೆ, ಅಡಿಗೆರೆ ಹಾಕಿರುವ ‘ಮಾ ಇಸ್ಮೇ’ ಯಾವಾಗ ಬರುತ್ತದೆ? ಅದು ಬಹಳ ಎತ್ತರವೇ?"

ಆಂಬ್ರೋಸ್ ಚಂಗನೆ ಎದ್ದ. ಎರಡನೇ ಹಾಳೆ! ಬೆಳಿಗ್ಗೆಯಿಂದ ಅವನ ಬೆನ್ನ ಹಿಂದೆಯೇ, ಹತ್ತು ಗಜ ದೂರದಲ್ಲಿ, ಪೆನ್ಸಿಲ್ ಗುರುತು ಹಾಕಿಸಿಕೊಳ್ಳುತ್ತಾ ಬರುತ್ತಿದೆ! ಅವನು ಹಾಳೆಯನ್ನು ಕಸಿದುಕೊಂಡು ಮುತ್ತಿಟ್ಟ. ಮಿಸ್ ಓಕ್ಸ್ ಎರಡು ಹೆಜ್ಜೆ ಹಿಂದೆ ಸರಿದಳು.

ಫೋಟೋ ತೆಗೆದು ಕಳಿಸಿದ. ಹದಿನೇಳನೇ ಸಲಕ್ಕೆ ರೇಡಿಯೊದ ಫೋನೂ ಸಿಕ್ಕಿತು.

"ತಿದ್ದುಪಡಿಯಾ?" ಎಂದ ಮಿಸ್ಟರ್ ಲುಸಿಯನ್, ಸತ್ತವರಿಗೆ ಬಳಸುವ ಅದೇ ದನಿಯಲ್ಲಿ. "ಮೂವತ್ತು ವರ್ಷದಲ್ಲಿ ನಾನು ಒಂದೂ ತಿದ್ದುಪಡಿ ಓದಿಲ್ಲ. ಕಾರಣ ಬೇಕು. ನಿಮ್ಮ ಮಾತಲ್ಲೇ ಹೇಳಿ, ಬರ್ಕೋತೀನಿ."

"ಸಾರ್, ಬೆಳಿಗ್ಗೆ ಓದಿದ ಆ ಮೂವರು ನಮಗೆ ಯಾರೂ ಅಲ್ಲ ಸಾರ್. ಸೈಕಲ್ ತುಳಿಯೋಕೆ ಬಂದಿರೋ ಪ್ರವಾಸಿಗಳು. ಆ ಹಾಳೇಲಿರೋದೆಲ್ಲ ಅವರಿಗೆ ಮಾತ್ರ. ಬೇರೆ ಯಾರಿಗೂ, ಸತ್ತೋರಿಗೂ ಬದುಕಿರೋರಿಗೂ, ಸಂಬಂಧ ಇಲ್ಲ."

"ಅಂದ್ರೆ ಇಡೀ ಹಾಳೆ ರದ್ದು?"

"ಇಡೀ ಹಾಳೆ ರದ್ದು ಸಾರ್! ಒಂದಕ್ಷರ ಬಿಡದೆ! ತಪ್ಪು ಆಂಬ್ರೋಸ್ ಸೆರಫಿನ್‌ದೇ ಅಂತ ಹೇಳಿಬಿಡಿ, ಪರವಾಗಿಲ್ಲ. ಒಂದು ಗಂಟೆಗೆ ಬರತ್ತಾ ಸಾರ್?"

"ನಾನು ಬದುಕಿದ್ರೆ ಬರತ್ತೆ," ಎಂದು ಮಿಸ್ಟರ್ ಲುಸಿಯನ್ ಫೋನಿಟ್ಟ.

ಆಂಬ್ರೋಸ್‌ಗೆ ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ಒಂದು ಗಂಟೆಗೆ ಮಾ ಇಸ್ಮೇಯ ಹೆಸರು ಎಲ್ಲರಿಗಿಂತ ಮೇಲೆ ಬರುತ್ತದೆ. ಅಲ್ಲಿಯವರೆಗೆ ಆಕೆಯ ಕೈಗೆ ಸಿಗದೆ ತಪ್ಪಿಸಿಕೊಂಡರೆ ಸಾಕು. ಅವನು ಸೀಟಿ ಹೊಡೆಯುತ್ತಾ ಸೈಕಲ್ ಹತ್ತಿದ.

ಕ್ಯಾಲಿಬಿಶಿಯ ತಿರುವಿನಲ್ಲಿ ಸೀಟಿ ನಿಂತಿತು.

ಮಾ ಇಸ್ಮೇಯ ಮನೆಯ ಅಂಗಳದಲ್ಲಿ ಎಂಬತ್ತು ಜನರಿದ್ದರು. ಎಲ್ಲರದೂ ದುಃಖದ ಕಪ್ಪು ಉಡುಪು. ಎಲ್ಲರ ಕೈಯಲ್ಲೂ ನೀರಿನ ಬಾಟಲಿ. ಎಲ್ಲರ ತಲೆಯ ಮೇಲೂ ಹೆಲ್ಮೆಟ್! ಹಳದಿ ಹೆಲ್ಮೆಟ್, ಮೋಟಾರ್‌ಸೈಕಲ್ ಹೆಲ್ಮೆಟ್, ಕ್ರಿಕೆಟ್ ಹೆಲ್ಮೆಟ್. ಹೆಲ್ಮೆಟ್ ಸಿಗದ ಒಬ್ಬ ಮುದುಕ ಅಲ್ಯುಮಿನಿಯಂ ಪಾತ್ರೆಯನ್ನು ಬೋರಲು ಹಾಕಿಕೊಂಡು, ಗದ್ದಕ್ಕೆ ದಾರ ಕಟ್ಟಿ ಗಂಭೀರವಾಗಿ ನಿಂತಿದ್ದ. ಬೆಂಚಿನ ಮೇಲೆ ಹ್ಯಾಂಡ್‌ಬ್ರೇಕ್, ಅತ್ತೆ ಸಿಸೀಲಿಯಾ, ಬೋರ್ನ್‌ನ ಅಣ್ಣತಮ್ಮಂದಿರು ಕೂಡ, ಒಬ್ಬರಿಗೊಬ್ಬರು ಬೆನ್ನು ಮಾಡಿ.

ಆಂಬ್ರೋಸ್ ಸೈಕಲ್ಲಿನಿಂದ ಇಳಿದನೋ ಬಿದ್ದನೋ ಹೇಳುವುದು ಕಷ್ಟ.

"ಜೋಸೆಟ್," ಎಂದ ತೊದಲುತ್ತಾ, "ಇದೇನಿದು?"

"ನಿಂಗೆ ಗೊತ್ತಿಲ್ವಾ?" ಜೋಸೆಟ್‌ಗೆ ಗಲಿಬಿಲಿ. "ಬೆಳಿಗ್ಗೆ ರೇಡಿಯೊದಲ್ಲಿ ಕೊನೆಗೆ ಬಂತಲ್ಲ. ‘ಊಟ ಹನ್ನೆರಡೂವರೆಗೆ, ಕ್ಯಾಲಿಬಿಶಿಯ ಮಾ ಇಸ್ಮೇ ಮನೆಯಲ್ಲಿ. ಎಲ್ಲರೂ ನೀರಿನ ಬಾಟಲಿ ತರತಕ್ಕದ್ದು. ಹೆಲ್ಮೆಟ್ ಕಡ್ಡಾಯ.’ ಮಾ ಫಿಲೋ ಮೊದಲಿಂದ್ಲೂ ಒಂಥರಾ ಹೆಂಗಸು ಅಲ್ವಾ, ಅವಳದೇ ಕೊನೇ ಆಸೆ ಅಂತ ಎಲ್ಲರೂ ತಿಳ್ಕೊಂಡಿದಾರೆ."

ಅದು ಅವನದೇ ಬರಹ. ಅವನದೇ ದುಂಡು ಅಕ್ಷರ. ಟ್ಯೂಬು ಸಿಡಿದಾಗ ಕೇಳದೆ ಹೋದ ಭಾಗ.

ಅಷ್ಟರಲ್ಲಿ ಮಾ ಇಸ್ಮೇ ಅಡಿಗೆಮನೆಯಿಂದ ಹೊರಬಂದಳು. ಕೈಯಲ್ಲಿ ಮಚ್ಚು. ಆಂಬ್ರೋಸ್ ಕಣ್ಣು ಮುಚ್ಚಿದ. ಕೊರಳಿಗೆ ಬಿದ್ದದ್ದು ಮಾತ್ರ ಮಾ ಇಸ್ಮೇಯ ತೋಳು.

"ಮಗನೇ!" ಎಂದಳು ಆಕೆ ಗದ್ಗದವಾಗಿ. "ಪ್ರಾರ್ಥನೆಯ ಗೆಳತಿ ಅಂತ ಪಟ್ಟೀಲಿ ಒಂದು ಮೂಲೆ ಸಿಕ್ಕಿದ್ರೆ ಸಾಕು ಅಂದ್ಕೊಂಡಿದ್ದೆ. ನೀನು ಇಡೀ ದೇಶಕ್ಕೆ ಕೇಳೋ ಹಾಗೆ ‘ಊಟ ಮಾ ಇಸ್ಮೇ ಮನೇಲಿ’ ಅಂತ ಹಾಕಿಸ್ಬಿಟ್ಟೆಯಲ್ಲೋ! ನೆಂಟರ ಮನೆ ಬಿಟ್ಟು ನನ್ನ ಮನೇಲಿ! ಕೇಳಿದಾಗಿಂದ ಬಾಯಿಂದ ಮಾತೇ ಹೊರಡ್ಲಿಲ್ಲ ಕಣೋ. ಎರಡು ಆಡು ಕಡಿಸ್ದೆ. ಹಂದಿ ಮಾತ್ರ ತರಿಸ್ಲಿಲ್ಲ, ಆ ಮಗನಿಗೆ ಆಗಲ್ವಲ್ಲ."

ಆ ಮಗ ಎಂದರೆ ಯೋಸ್ಟ್. ಅವನನ್ನು ಆಗಲೇ ಮೇಜಿನ ತುದಿಗೆ, ಪಕ್ಕದ ಮನೆಯಿಂದ ತಂದ ಮಾ ಫಿಲೋಳ ಕುರ್ಚಿಯಲ್ಲಿ ಕೂರಿಸಿದ್ದರು. ಕೆಸುವಿನ ಸೊಪ್ಪಿನ ಸಾರು, ಬೇಯಿಸಿದ ಬಾಳೆಕಾಯಿ, ಸುಟ್ಟ ದೀವಿಹಲಸು, ಆಡಿನ ಮಾಂಸ ಒಂದರ ಹಿಂದೊಂದು ಬಂದವು. ಒಬ್ಬೊಬ್ಬರಾಗಿ ಬಂದು ಕೈ ಹಿಡಿದು ಅತ್ತರು. ಯೋಸ್ಟ್‌ಗೆ ಕಾರಣ ತಿಳಿಯದಿದ್ದರೂ ಇಷ್ಟು ಜನ ಅಳುವಾಗ ತಾನೊಬ್ಬ ಸುಮ್ಮನಿರುವುದು ಹೇಗೆ ಎಂದು ಅವನೂ ಅತ್ತ. ಮರೈಕೆಯ ಕೋಳಿ ಮೇಜಿನ ಕೆಳಗೆ ಓಡಾಡುತ್ತಿತ್ತು. ಮಾ ಫಿಲೋಳ ಮುದಿನಾಯಿ ಕ್ಯಾಪ್ಟನ್ ಮಿಸ್ ಓಕ್ಸ್‌ಳ ಎಡ ಮಂಡಿಗೆ ತಲೆಯಿಟ್ಟು ಮಲಗಿತ್ತು.

ಹನ್ನೆರಡು ಐವತ್ತಕ್ಕೆ ಮಾ ಇಸ್ಮೇ ಎದ್ದು ಚಮಚದಿಂದ ಲೋಟ ತಟ್ಟಿದಳು.

"ಎಲ್ಲರೂ ಕೇಳಿ. ಕಳೆದುಹೋದ ಮಗನನ್ನ ಹುಡುಕಿ, ಸೈಕಲ್ ಮೇಲೆ ಬೆಟ್ಟ ದಾಟಿಸಿ, ತಾಯಿ ಮನೆ ಬಾಗಿಲಿಗೆ ತಂದ ಹುಡುಗ ಇವನು. ಇಂಥೋನಿಗೆ ಕೊಡದೆ ಇನ್ಯಾರಿಗೆ ಕೊಡ್ಲಿ? ನನ್ನ ಜೋಸೆಟ್‌ನ ಆಂಬ್ರೋಸ್‌ಗೆ ಕೊಟ್ಟೆ!"

ಎಂಬತ್ತು ಹೆಲ್ಮೆಟ್ಟುಗಳ ಮೇಲೆ ಚಪ್ಪಾಳೆ, ಕೇಕೆ. ಜೋಸೆಟ್ ನಾಚಿ ನಕ್ಕಳು. ಮೂರು ವರ್ಷ ಕಾದ ಮಾತು ಕಿವಿಗೆ ಬಿದ್ದಿತು! ಆಂಬ್ರೋಸ್ ಬಾಯ್ತುಂಬ ನಕ್ಕ. ನಗುತ್ತಾ ಗೋಡೆಯ ಗಡಿಯಾರ ನೋಡಿದ. ನಗು ಹಾಗೇ ಹೆಪ್ಪುಗಟ್ಟಿತು.

ಒಂದು ಗಂಟೆಗೆ ಎಂಟೇ ನಿಮಿಷ ಬಾಕಿ.

ಅವನು ಅಂಗಳದ ಮೂಲೆಗೆ ಓಡಿ ಫೋನ್ ಒತ್ತಿದ. ತಿದ್ದುಪಡಿಯ ತಿದ್ದುಪಡಿ! ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಓದುವ ಮುಂಚೆ ಮಿಸ್ಟರ್ ಲುಸಿಯನ್ ಫೋನು ಮುಟ್ಟುವುದಿಲ್ಲ. ಗಂಟಲಿಗೆ ಜೇನು ಸವರಿಕೊಳ್ಳುತ್ತಿರುತ್ತಾನೆ. ಆಂಬ್ರೋಸ್ ವಾಪಸ್ ಓಡಿಬಂದು, ಕಿಟಕಿಯಲ್ಲಿದ್ದ ರೇಡಿಯೊಗೆ ಕೈ ಚಾಚಿದ. ಹ್ಯಾಂಡ್‌ಬ್ರೇಕ್ ಆ ಕೈಯನ್ನು ಹಿಡಿದುಕೊಂಡ.

"ಏನೋ ಮಾಡ್ತಿದೀಯ? ಸತ್ತೋಳ ಹೆಸರಿನ ಊಟದಲ್ಲಿ ಮರಣವಾರ್ತೆ ಆರಿಸ್ತಾರೇನೋ? ಜೋರು ಮಾಡು!" ಎಂದು ತಾನೇ ಜೋರು ಮಾಡಿದ.

ಎಲ್ಲರೂ ಕಿಟಕಿಯತ್ತ ತಿರುಗಿದರು.

"ಒಂದು ತಿದ್ದುಪಡಿ," ಎಂದಿತು ರೇಡಿಯೊ. "ಮಾ ಫಿಲೋ ಅವರ ಬಂಧುಗಳೆಂದು ಬೆಳಿಗ್ಗೆ ಓದಲಾದ ಹಾಲೆಂಡ್ ಮತ್ತು ಇಂಗ್ಲೆಂಡಿನ ಮೂವರು ಯಾರೂ ಅಲ್ಲ. ಅವರು ಸೈಕಲ್ ತುಳಿಯಲು ಬಂದ ಪ್ರವಾಸಿಗಳು. ಕ್ಯಾಲಿಬಿಶಿಯ ಮಾ ಇಸ್ಮೇ ಅವರ ಮನೆಯ ಊಟ ಆ ಮೂವರಿಗೆ ಮಾತ್ರ. ಬೇರೆ ಯಾರಿಗೂ, ಸತ್ತವರಿಗೂ ಬದುಕಿರುವವರಿಗೂ, ಅದರ ಸಂಬಂಧವಿಲ್ಲ. ನೀರಿನ ಬಾಟಲಿ ತರಬೇಕಾಗಿಲ್ಲ. ಹೆಲ್ಮೆಟ್ ಬೇಕಾಗಿಲ್ಲ. ತಪ್ಪು ಪೋರ್ಟ್ಸ್‌ಮತ್‌ನ ಆಂಬ್ರೋಸ್ ಸೆರಫಿನ್ ಅವರದು. ಈಗ ಸರಿಯಾದ ಪಟ್ಟಿ. ಮಾ ಇಸ್ಮೇ, ಪ್ರಾರ್ಥನೆಯ ಗೆಳತಿ..."

ಮುಂದಿನ ಹೆಸರುಗಳನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಎಂಬತ್ತು ಜನರ ಬಾಯಿಗೆ ಹೋಗುತ್ತಿದ್ದ ಆಡಿನ ತುಂಡು ನಡುದಾರಿಯಲ್ಲೇ ನಿಂತಿತ್ತು. ಒಂದೊಂದಾಗಿ ಹೆಲ್ಮೆಟ್ಟುಗಳು ಕೆಳಗಿಳಿದವು. ಪಾತ್ರೆಯ ಮುದುಕ ಮಾತ್ರ ದಾರದ ಗಂಟು ಬಿಚ್ಚಲಾಗದೆ ಒದ್ದಾಡುತ್ತಿದ್ದ.

ರೇಡಿಯೊ ಓದಿದ್ದು ಇಂಗ್ಲಿಷಿನಲ್ಲಿ. "ನಾವು ಯಾರೂ ಅಲ್ಲವೇ?" ಎಂದ ಯೋಸ್ಟ್. ಅವನ ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಆರಿರಲಿಲ್ಲ.

"ಬೆಳಿಗ್ಗೆ ನನ್ನ ಮಂಡಿಗೂ ಸ್ಥಾನವಿತ್ತು," ಎಂದಳು ಮಿಸ್ ಓಕ್ಸ್, ನೊಂದ ದನಿಯಲ್ಲಿ.

  ಮಾ ಇಸ್ಮೇ ಸುತ್ತ ಇದ್ದ ಎಂಬತ್ತು ಮುಖಗಳನ್ನು ನೋಡಿದಳು. ತನ್ನ ಅಂಗಳದಲ್ಲಿ, ತಾನು ಬಡಿಸಿದ ಅನ್ನ ಉಣ್ಣುತ್ತಿದ್ದವರನ್ನು ಕರೆಯದೆ ಬಂದವರು ಎಂದು ದೇಶಕ್ಕೆಲ್ಲ ಸಾರಿಸಿದ್ದ ಹುಡುಗನನ್ನೂ ನೋಡಿದಳು.

"ಜೋಸೆಟ್," ಎಂದಳು ಮೆಲ್ಲಗೆ, "ಆಂಬ್ರೋಸ್ ಅವರ ತಟ್ಟೆ ತೆಗಿ."

ಆಂಬ್ರೋಸ್ ಅವರು! ಮೂರು ವರ್ಷದಲ್ಲಿ ಆಕೆ ಅವನಿಗೆ ಕೊಟ್ಟ ಮೊದಲ ಬಹುವಚನ.

"ಮಾ ಇಸ್ಮೇ, ನಿಮ್ಮ ಹೆಸರು ಮೇಲೆ ಬರ್ಲಿ ಅಂತಾನೇ ನಾನು..."

"ಉಳಿದೋರು ಯಾರೂ ಏಳಬೇಡಿ," ಎಂದು ಆಕೆ ಅವನ ಮಾತು ಕೇಳಿಸಲೇ ಇಲ್ಲವೆಂಬಂತೆ ಮುಂದುವರಿಸಿದಳು. "ನನ್ನ ಮನೆ ಊಟಕ್ಕೆ ರೇಡಿಯೊದ ಅಪ್ಪಣೆ ಬೇಕಾಗಿಲ್ಲ. ಯೋಸ್ಟ್ ಸಾಹೇಬ್ರೇ, ನೀವೂ ಕೂತ್ಕೊಳ್ಳಿ. ಅವಳಿಗಾಗಿ ಅತ್ತೋರು ಯಾರೂ ಅಲ್ಲ ಅಂತ ಹೇಗಾಗತ್ತೆ? ಇನ್ನೂ ಸ್ವಲ್ಪ ಸಾರು ಹಾಕ್ಕೊಳ್ಳಿ."

ಊಟ ಮೂರು ಗಂಟೆಯವರೆಗೆ ನಡೆಯಿತು, ಹಾಡೂ ಆಯಿತು. ಬೋರ್ನ್‌ನ ಅಣ್ಣತಮ್ಮಂದಿರು ಹದಿನಾಲ್ಕು ವರ್ಷದ ಮೇಲೆ ಮೊದಲ ಸಲ ಮಾತಾಡಿದರು. ವಿಷಯ, ಆಂಬ್ರೋಸ್ ಎಂಥ ದಡ್ಡ ಎಂಬುದು. ಆಂಬ್ರೋಸ್ ಬೇಲಿಯ ಹೊರಗೆ ನಿಂತು ಸೈಕಲ್ ಕಾದ. ಮೂರು ಗಂಟೆಗೆ ಹ್ಯಾಂಡ್‌ಬ್ರೇಕ್‌ನ ಬಸ್ಸು ಅವನ ಪಕ್ಕದಲ್ಲೇ ರೋಸೋ ಕಡೆಗೆ ಹಾದುಹೋಯಿತು. ಕಿಟಕಿಯಲ್ಲಿ ಮಾ ಇಸ್ಮೇ ನೇರಕ್ಕೆ ನೋಡುತ್ತಾ ಕೂತಿದ್ದಳು. ಮಡಿಲಲ್ಲಿ ಒಂದು ದಪ್ಪ ಕವರು.

ಸಂಜೆ ಆರಕ್ಕೆ ಆಂಬ್ರೋಸ್ ಪೋರ್ಟ್ಸ್‌ಮತ್‌ನ ಶೆಡ್ಡಿನ ಮುಂದೆ ಸೈಕಲ್ಲುಗಳ ಕೆಸರು ತೊಳೆಯುತ್ತಿದ್ದ. ಪಕ್ಕದ ಕಿಟಕಿಯಲ್ಲಿ ರೇಡಿಯೊ ಹಾಡಿತು. ಮೂವರು ಅತಿಥಿಗಳೂ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಮಿಸ್ ಓಕ್ಸ್ ನೋಟ್‌ಬುಕ್ಕು, ಪೆನ್ಸಿಲ್ ಸಿದ್ಧಮಾಡಿಕೊಂಡಳು.

"ಮಾ ಫಿಲೋ ಅವರ ಬಂಧುಗಳ ಅಂತಿಮ ಮತ್ತು ಸಂಪೂರ್ಣ ಪಟ್ಟಿ," ಎಂದ ಮಿಸ್ಟರ್ ಲುಸಿಯನ್. ಶುರುವಾಯಿತು. ಲಂಡನ್, ನ್ಯೂಯಾರ್ಕ್. ಮಾ ಇಸ್ಮೇ. ಹ್ಯಾಂಡ್‌ಬ್ರೇಕ್ ಎಂದೇ ಪರಿಚಿತರಾದ ಕ್ಲೀಟಸ್. ಸಿಸೀಲಿಯಾ. ಬೋರ್ನ್‌ನ ಅಣ್ಣ, ಬೋರ್ನ್‌ನ ತಮ್ಮ. ಹಾಲೆಂಡಿನ ಯೋಸ್ಟ್, ಮಗನಂಥವರು, ಮತ್ತು ಅವರ ಪತ್ನಿ ಮರೈಕೆ. ಇಂಗ್ಲೆಂಡಿನ ಕುಮಾರಿ ಓಕ್ಸ್ ಮತ್ತು ಅವರ ಎಡ ಮಂಡಿ. ಪಾತ್ರೆ ಹಾಕಿಕೊಂಡಿದ್ದ ಮುದುಕ. ನಾಯಿ ಕ್ಯಾಪ್ಟನ್. ಇಪ್ಪತ್ತು ನಿಮಿಷ ಓದಿದ ಮೇಲೆ ಕೊನೆಯ ಸಾಲು ಬಂತು: "ಈ ಪಟ್ಟಿಯನ್ನು ತಪ್ಪಿಲ್ಲದೆ ಬರೆದುಕೊಟ್ಟವರು ಕುಮಾರಿ ಜೋಸೆಟ್."

ಕುಮಾರಿ ಎಂಬಲ್ಲಿ ಮಿಸ್ಟರ್ ಲುಸಿಯನ್ ಒಂದು ಕ್ಷಣ ನಿಂತು, ಒತ್ತಿ ಹೇಳಿದ. ಕಾಗದದಲ್ಲಿ ಅದಕ್ಕೆ ಅಂಡರ್‌ಲೈನ್ ಇದ್ದಿರಬೇಕು.

ಆಂಬ್ರೋಸ್‌ನ ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಬಿತ್ತು. ಮಿಸ್ ಓಕ್ಸ್ ತನ್ನ ಗುರುತುಗಳನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎರಡು ಸಲ ಎಣಿಸಿದಳು.

"ನೂರ ನಲವತ್ತಮೂರು, ನಾಯಿಯೂ ಸೇರಿ," ಎಂದಳು. ಆಮೇಲೆ ತಲೆಯೆತ್ತಿ, ಬಹಳ ಕನಿಕರದಿಂದ ಕೇಳಿದಳು: "ನಿಮ್ಮ ಹೆಸರು ಮಾತ್ರ ಬರಲೇ ಇಲ್ಲ, ಆಂಬ್ರೋಸ್. ಬಹುಶಃ ಇನ್ನೊಂದು ಹಾಳೆಯಲ್ಲಿರಬಹುದೇ?"